ವರ್ಗಮೂಲದ ಟೀಚರ್

ಬಳ್ಳಾರಿ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಶೇಂಗಾ ತಿನ್ನುವವರು ಬಹಳ ಮಂದಿ. ಆದರೆ ಪೊಟ್ಟಣದ ಕಾಗದವನ್ನು ತೊಡೆಯ ಮೇಲೆ ಹಾಸಿ, ಕಾಳುಗಳನ್ನು ಉದ್ದಕ್ಕೂ ಅಡ್ಡಕ್ಕೂ ಸಮನಾಗಿ ಜೋಡಿಸಿ, ಚೌಕಕ್ಕೆ ಸೇರದೆ ಉಳಿದ ಕಾಳುಗಳನ್ನು ಮೊದಲು ಬಾಯಿಗೆ ಹಾಕಿಕೊಳ್ಳುವವರು ಅಂಜನಾ ಟೀಚರ್ ಒಬ್ಬರೇ. ಅವರ ಶಾಲೆಯಿದ್ದ ಕುರುಗೋಡಿನ ಬಸ್ಸು ಬರುವ ಹೊತ್ತಿಗೆ ಚೌಕವೂ ಕರಗಿರುತ್ತಿತ್ತು.

ಆಳು ಎತ್ತರ, ನಡಿಗೆ ಮಾತ್ರ ಗುಬ್ಬಚ್ಚಿಯದು. ಸೀಮೆಸುಣ್ಣದ ಧೂಳು ಸೀರೆಗೆ ಹತ್ತಬಾರದೆಂದು, ತೀರಿಹೋದ ತಂದೆಯ ಬಿಳಿ ಅಂಗಿಯೊಂದನ್ನು ಸೀರೆಯ ಮೇಲೆ ತೊಟ್ಟು, ತೋಳನ್ನು ಮೊಣಕೈತನಕ ಮಡಚಿರುತ್ತಿದ್ದರು. ನಮ್ಮ ಕಡೆ ಗದ್ದೆಗೆ ಇಳಿಯುವ ಹೆಂಗಸರ ಉಡುಪು ಅದು. ಕಂಡಕ್ಟರ್ ಕಾಡುತ್ತಿದ್ದ: “ಏನ್ರಿ ಟೀಚರ್, ಭತ್ತದ ನಾಟಿಗೆ ಹೊಂಟೀರೇನು?”

“ಹೂನಪ್ಪ, ಎಂಟನೇ ಕ್ಲಾಸಿನ ಹುಡುಗ್ರ ತಲಿಯಾಗ.”

ಆ ನಾಟಿಯಲ್ಲಿ ಅವರಿಗೆ ಬಲು ಪ್ರಿಯವಾದದ್ದು ವರ್ಗ ಮತ್ತು ವರ್ಗಮೂಲದ ಪಾಠ. ಅವರನ್ನು ಒಳಗೊಳಗೇ ಚುಚ್ಚುತ್ತಿದ್ದುದೂ ಅದೇ ಪಾಠ. ಒಂದು ದಿನ ಹುಡುಗನೊಬ್ಬನನ್ನು ಎಬ್ಬಿಸಿ ಕೇಳಿದರು: “ಹದಿನಾರರ ವರ್ಗಮೂಲ ಎಷ್ಟಲೇ ಮಾರೇಶ?”

“ಎಂಟು ರೀ.”

ಅರ್ಧವನ್ನೇ ಮೂಲವೆಂದು ತಿಳಿಯುವುದು ಎಲ್ಲ ಹುಡುಗರ ತಪ್ಪು. ಟೀಚರ್ ಬೈಯಲಿಲ್ಲ. ಹದಿನಾರು ಹುಣಸೆಬೀಜ ಎಣಿಸಿ ಕೊಟ್ಟು, “ಸಾಲಿಗೆ ಎಂಟರಂಗ ಎಂಟು ಸಾಲು ಹಚ್ಚು ನೋಡೋಣು,” ಎಂದರು. ಎರಡೇ ಸಾಲಿಗೆ ಬೀಜ ಮುಗಿದವು. ಮಾರೇಶ ತಲೆ ಕೆರೆದು, ಸಾಲು ಒಡೆದು, ನಾಲ್ಕು ನಾಲ್ಕಾಗಿ ಇಟ್ಟ.

“ನಿಂತಿತಿಲ್ಲೋ ಚೌಕ? ಈಗ ಒಂದು ಅಂಚಿನಾಗ ಎಷ್ಟು ಅದಾವು, ಅದ ಮೂಲ. ತನ್ನಿಂದ ತಾನ ಗುಣಿಸಿಕೊಂಡು ಇಡೀ ಚೌಕಾನ ಎಬ್ಬಿಸೈತಿ.”

ಮಾರೇಶನಿಗೆ ಬೇರೆಯೇ ಅನುಮಾನ ಬಂತು. “ಟೀಚರ್, ಮೂಲ ಅಂದ್ರ ಕೆಟ್ಟದ್ದಲ್ಲೇನ್ರಿ? ಮೂಲದಾಕಿ ಮನಿಗೆ ಬಂದ್ರ ಮಾವ ಉಳಿಯಂಗಿಲ್ಲಂತ ನಮ್ಮವ್ವ ಅಂತಾಳ.”

ತರಗತಿಯೇ ನಕ್ಕಿತು. ಟೀಚರ್ ಕೈಯ ಸೀಮೆಸುಣ್ಣ ಹಲಗೆಯ ಮೇಲೆ ಅಲ್ಲೇ ನಿಂತಿತು. ಅವರು ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಆ ಹೆಸರು ಕಿವಿಗೆ ಬಿದ್ದೊಡನೆ ನೋಡಬಂದವರು ಚಹಾದ ಲೋಟ ಕೆಳಗಿಟ್ಟು ಎದ್ದುಹೋಗಿದ್ದನ್ನು ಮೂವತ್ತು ದಾಟುವತನಕವೂ ಕಂಡವರು.

“ಮೂಲ ಅಂದ್ರ ಬೇರಪ್ಪ,” ಎಂದರು ಮೆಲ್ಲಗೆ. “ಬೇರು ಮರಾನ ನಿಲ್ಲಿಸ್ತೈತೋ, ಬೀಳಿಸ್ತೈತೋ?”

“ನಿಲ್ಲಿಸ್ತೈತ್ರಿ.”

ಹುಡುಗರಿಗೆ ಹೇಳುವುದು ಸುಲಭ. ಅದೇ ವಾರ ಸಿರುಗುಪ್ಪದಿಂದ ಒಂದು ಸಂಬಂಧ ಬಂದಿತ್ತು. ವರ ವೀರೇಶ್, ಅಕ್ಕಿ ಗಿರಣಿಯಲ್ಲಿ ಮೇಲ್ವಿಚಾರಕ, ಮಿತಭಾಷಿ. ಫೋನಿನಲ್ಲಿ ಮಾತಾಡುವಾಗ ನಡುವೆ ಬಾಯಿ ಹಾಕದೆ ಕೇಳುತ್ತಿದ್ದ. ಅಂಜನಾರಿಗೆ ಅದೇ ಹಿಡಿಸಿತ್ತು. ಈ ಸಲ ಮುರಿಯಬಾರದೆಂದು ಮನಸ್ಸು ಹಟ ಹಿಡಿದಿತ್ತು.

ತಾಯಿ ಕೊಟ್ರಬಸಮ್ಮ ಉಪಾಯ ಹುಡುಕಿದ್ದಳು. “ಪೂರ್ವಾಷಾಢ ಅಂದುಬಿಡವ್ವ. ರಾಶಿ ಹೆಂಗೂ ಧನುಸ್ಸ. ಪಕ್ಕದ ನಕ್ಷತ್ರ, ಏನ್ ದೂರ ಐತಿ?”

“ಇಪ್ಪತ್ತೈದರ ಪಕ್ಕದಾಗ ಇಪ್ಪತ್ನಾಲ್ಕು ಐತಿ. ಅದು ಚೌಕ ಆಗ್ತೈತೇನವ್ವ?”

“ನಿನ್ನ ಲೆಕ್ಕಕ್ಕ ಬೆಂಕಿ ಹತ್ತಲಿ! ಆ ಚೌಕಾನ ಕಟಗೊಂಡು ಸಂಸಾರ ಮಾಡು!” ಎಂದು ಬೈದ ಕೊಟ್ರಬಸಮ್ಮ, ಬೈಯುತ್ತಲೇ ಅತ್ತಳು. ತಾಯಿಯ ಕಣ್ಣೀರಿಗೆ ಸೋತು ಅಂಜನಾ, “ಆತವ್ವ, ನೀನ ಹೇಳು. ನಾ ಸುಮ್ನಿರ್ತೀನಿ,” ಎಂದರು.

ಭಾನುವಾರ ವೀರೇಶನ ತಂದೆ ವಿರೂಪಾಕ್ಷಪ್ಪ ಮಗನೊಡನೆ ಬಂದರು. ಧೋತರದ ಅಂಚು ಹಿಡಿದು ನಿಧಾನ ಕೂರುವ, ಒಗ್ಗರಣೆ ಮಂಡಕ್ಕಿ ಮೇಲಿನ ಮೆಣಸಿನಕಾಯಿಯನ್ನೂ ಬಿಡದೆ ತಿನ್ನುವ ಹಸನ್ಮುಖಿ. ತಟ್ಟೆ ಖಾಲಿಯಾದ ಮೇಲೆ ಕೇಳಿದರು: “ನಕ್ಷತ್ರ ಯಾವುದವ್ವ?”

“ಪೂರ್ವಾ...” ಎಂದು ಕೊಟ್ರಬಸಮ್ಮ ಬಾಯಿ ತೆರೆದಳು.

“ಮೂಲ ರೀ,” ಎಂದರು ಅಂಜನಾ.

ಕೊಟ್ರಬಸಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಅಂಜನಾ ಅಷ್ಟಕ್ಕೇ ನಿಲ್ಲಿಸಲಿಲ್ಲ. “ಮಾವಗ ಆಗಿಬರಂಗಿಲ್ಲ ಅಂತಾರ್ರಿ. ನಾ ನಂಬಂಗಿಲ್ಲ. ಆದ್ರ ಮಾವ ಆಗೋರು ನೀವು. ನಿಮಗ ಗೊತ್ತಿರಬೇಕಲ್ರಿ.”

ವಿರೂಪಾಕ್ಷಪ್ಪ ಖಾಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ನನಗೀಗ ಅರವತ್ನಾಲ್ಕು. ಇನ್ನೆಷ್ಟು ಇದ್ದೇನವ್ವ ನಾನು?”

“ಎಂಟರ ವರ್ಗ,” ಎಂದು ಅಂಜನಾರಿಗೆ ಬಾಯಿತಪ್ಪಿ ಬಂದುಬಿಟ್ಟಿತು. ನಾಚಿಕೆಯಿಂದ ಅದನ್ನು ಮುಚ್ಚಲು ಹೋಗಿ ಮತ್ತಷ್ಟು ಹೇಳಿದರು: “ಮುಂದಿನ ಚೌಕ ಎಂಬತ್ತೊಂದ್ರಿ. ನಡುವ ಒಂದೂ ಇಲ್ರಿ.”

“ಅಷ್ಟು ದೂರ ಐತೇನು!” ಮುದುಕರು ಹೊಟ್ಟೆ ಹಿಡಿದು ನಕ್ಕರು. “ಹಂಗಾರ ನನ್ನ ಅಲ್ಲೀತನಕ ಮುಟ್ಟಿಸೋ ಜವಾಬ್ದಾರಿ ನಿಂದವ್ವ. ಏನಲೇ ವೀರೇಶ, ಬಾಯಿ ಐತಿಲ್ಲೋ?”

ತಲೆ ತಗ್ಗಿಸಿ ಕುಳಿತಿದ್ದ ವೀರೇಶ್ ಕತ್ತೆತ್ತಿ, “ಫೋನಿನಾಗ ಮಾತಾಡಿದ ದಿನಾನ ನಾ ಹೂಂ ಅಂದೀನಪ್ಪ,” ಎಂದ. ಕೊಟ್ರಬಸಮ್ಮ ಅಡುಗೆಮನೆಗೆ ಓಡಿದಳು, ಸಕ್ಕರೆ ತರುವ ನೆಪದಲ್ಲಿ.

ಲೆಕ್ಕ ಕಲಿಸುವವರು ಒಣ ಮನುಷ್ಯರೆಂದು ಲೋಕ ಅನ್ನುತ್ತದೆ. ಆದರೆ ಸರಿಯಾಗಿ ಹೇಳಬೇಕೆಂಬ ಹಟವೂ ಅಂತಃಕರಣದ ಒಂದು ರೂಪವೇ. ಎದುರಿಗಿದ್ದವರನ್ನು ಅಂದಾಜಿನಲ್ಲಿ ಇಡಬಾರದೆಂಬ ಪ್ರೀತಿ ಅದರೊಳಗಿರುತ್ತದೆ. ಇಂಥವರ ಮಾತು ಕೆಲವು ಬಾಗಿಲುಗಳನ್ನು ಮುಚ್ಚಿಸುತ್ತದೆ, ನಿಜ. ತೆರೆದ ಬಾಗಿಲಿನ ಒಳಗೆ ಮಾತ್ರ, ಅವರೊಡನೆ ಬಾಳುವವರು ನೆಲ ಗಟ್ಟಿಯಿದೆಯೇ ಎಂದು ಹೆಜ್ಜೆಹೆಜ್ಜೆಗೂ ಮುಟ್ಟಿ ನೋಡಬೇಕಾಗುವುದಿಲ್ಲ.