ಮುದ್ರೆ ಬೀಳದ ಅಂಚೆಚೀಟಿ

ಅಂಗೈ ಅಗಲದ ಊರು ಎಂದು ಖೋರ್ ಸಿದ್ರಾವನ್ನು ನೆರೆಹೊರೆಯವರು ಮೊದಲಿನಿಂದಲೂ ಹಂಗಿಸುತ್ತ ಬಂದಿದ್ದಾರೆ. ಹಂಗಿಸಲಿ. ಮುಂದೆ ಉಪ್ಪುನೀರು, ಹಿಂದೆ ಮರಳು, ನಡುವೆ ಒಂದು ಕೋಟೆ, ಎರಡು ಮಸೀದಿ, ಇನ್ನೂರು ಮುನ್ನೂರು ಮನೆ. ಆದರೂ ಅದಕ್ಕೆ ತನ್ನದೇ ಒಬ್ಬ ಶೇಖ್ ಇದ್ದ, ತನ್ನದೇ ಬಾವುಟ ಇತ್ತು, ಆ ವರ್ಷದ ಚಳಿಗಾಲದಿಂದ ತನ್ನದೇ ಅಂಚೆಚೀಟಿಯೂ ಬಂತು. ಅಂಚೆಚೀಟಿ ಇದ್ದ ಮೇಲೆ ಅದು ದೇಶವೇ ಸರಿ. ಹಾಗೆಂದು ಮೊದಲು ಸಾರಿದವನು ಖಲ್ಫಾನ್ ಬಿನ್ ಮುಸಬ್ಬಾಹ್. ಹೊಸ ಟಪಾಲು ಕಚೇರಿಯ ಯಜಮಾನನೂ ಅವನೇ ಆಗಿದ್ದರಿಂದ ಊರಲ್ಲಿ ಯಾರೂ ಎದುರಾಡಲಿಲ್ಲ.

ಅದಕ್ಕೆ ಮೊದಲು ಸಿದ್ರಾದವರ ಕಾಗದಗಳು ಹೋಗುತ್ತಿದ್ದದ್ದು ಕರಾವಳಿಯ ಪಕ್ಕದ ಊರು ಜುಲೈಲಾದ ಕಚೇರಿಯಿಂದ. ಅಲ್ಲಿನ ಗುಮಾಸ್ತ ತನ್ನ ಊರಿನವರದ್ದೆಲ್ಲ ಮುಗಿಯುವವರೆಗೆ ಸಿದ್ರಾದವರನ್ನು ಮೂಲೆಯಲ್ಲಿ ಕೂರಿಸುತ್ತಿದ್ದ. ಖಲ್ಫಾನ್ ಕೂಡ ಕುವೈತಿನಲ್ಲಿದ್ದ ಅಣ್ಣನಿಗೆ ಕಾಗದ ಹಾಕಲು ಹೋಗಿ, ಆ ಮೂಲೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಅದೆಷ್ಟೋ ಮಧ್ಯಾಹ್ನ ಕಳೆದಿದ್ದಾನೆ. ಶೇಖ್ ಗಾನಿಮ್ ಸ್ವಂತ ಟಪಾಲು ಕಚೇರಿ ತೆರೆಯುತ್ತಾರಂತೆ ಎಂಬ ಸುದ್ದಿ ಬಂದಾಗ, ಬಹರೇನಿನ ಎಣ್ಣೆ ಕಂಪನಿಯ ಗೋದಾಮಿನಲ್ಲಿ ಮಾಡುತ್ತಿದ್ದ ಒಳ್ಳೆಯ ಕೆಲಸ ಬಿಟ್ಟು ಮೊದಲ ದೋಣಿಗೇ ಊರಿಗೆ ಬಂದುಬಿಟ್ಟ.

ಚೀಟಿಗಳು ಸಮುದ್ರದಾಚೆ ಎಲ್ಲೋ ಅಚ್ಚಾಗಿ ಬಂದವು. ಕಟ್ಟು ಬಿಚ್ಚಿದ ದಿನ ಊರಿಗೆ ಊರೇ ಸುಂಕದ ಕಟ್ಟೆಯ ಪಕ್ಕದ ಪುಟ್ಟ ಟಪಾಲು ಕೋಣೆಗೆ ನುಗ್ಗಿತು. ಚೀಟಿಯ ತುಂಬ ಶೇಖ್ ಗಾನಿಮರ ಮುಖ. ತಲೆವಸ್ತ್ರ, ಕತ್ತರಿಸಿದ ಗಡ್ಡ, ಎದುರಿನವರನ್ನು ಅಳೆಯುವ ಆ ನೋಟ. ಮೂಗನ್ನು ಮಾತ್ರ ಅಚ್ಚಿನವನು ಸ್ವಲ್ಪ ನೆಟ್ಟಗೆ ಮಾಡಿದ್ದ. ದೊಡ್ಡ ಮನಸ್ಸಿನವನಿರಬೇಕು ಎಂದು ಊರವರು ಒಪ್ಪಿಕೊಂಡರು. ಮುದುಕಿಯರು ಚೀಟಿಯನ್ನು ಕಣ್ಣಿಗೊತ್ತಿಕೊಂಡರು. ಹಿಂಬದಿಗೆ ಎಂಜಲು ಹಚ್ಚಿ ಅಂಟಿಸಬೇಕು ಎಂದು ಖಲ್ಫಾನ್ ತಿಳಿಸಿದಾಗ ಎಲ್ಲರೂ ಮುಖ ಮುಖ ನೋಡಿಕೊಂಡರು. ಶೇಖರ ಬೆನ್ನಿಗೆ ನಾಲಿಗೆ ಹಾಕುವುದುಂಟೇ? ಅವನು ತಗಡಿನ ತಟ್ಟೆಯಲ್ಲಿ ಒದ್ದೆ ಬಟ್ಟೆ ಇಟ್ಟ. ಆ ತಾಪತ್ರಯ ಅಲ್ಲಿಗೆ ಕಳೆಯಿತು.

ನಿಜವಾದ ತಾಪತ್ರಯ ಬಂದದ್ದು ಕಿಟಕಿ ತೆರೆದ ಮೊದಲ ಬೆಳಿಗ್ಗೆ. ಸಾಲಿನಲ್ಲಿ ಮುಂದೆ ನಿಂತಿದ್ದವನು ಮಾಜಿದ್, ಮುತ್ತಿನ ದೋಣಿಗಳ ಹಳೆಯ ನಾಯಕ, ಗಡ್ಡಕ್ಕೆ ಮದರಂಗಿ ಹಚ್ಚಿದ ಮುದುಕ. ಕುವೈತಿನ ಮಗನಿಗೆ ಬರೆಸಿದ ಕಾಗದ ಅವನ ಕೈಯಲ್ಲಿತ್ತು. ಖಲ್ಫಾನ್ ಚೀಟಿ ಅಂಟಿಸಿ, ಮರದ ಹಿಡಿಯ ಕಬ್ಬಿಣದ ಮೊಹರನ್ನು ಮಸಿಗೆ ಅದ್ದಿ ಮೇಲೆತ್ತಿದ.

"ಏನ್ ಮಾಡ್ತಿದೀಯಪ್ಪಾ?" ಎಂದ ಮಾಜಿದ್.

"ಮೊಹರು ಹಾಕ್ತಿದೀನಿ, ಚಿಕ್ಕಪ್ಪ. ಹಾಕದಿದ್ರೆ ಕಾಗದ ಹೋಗಲ್ಲ."

"ಶೇಖರ ಮೋರೆ ಮೇಲಾ? ಕಬ್ಬಿಣದಲ್ಲಾ?"

ಖಲ್ಫಾನನ ಕೈ ಗಾಳಿಯಲ್ಲೇ ನಿಂತಿತು. ಮುದುಕ ಹೇಳದಿದ್ದರೂ ಅದು ನಿಲ್ಲುತ್ತಿತ್ತೇನೋ. ಮಹಾಯುದ್ಧದ ಕಾಲದ ಹಸಿವು ಖಲ್ಫಾನನಿಗೆ ಇನ್ನೂ ನೆನಪಿತ್ತು. ಅಕ್ಕಿಯ ಹಡಗುಗಳು ನಿಂತುಹೋಗಿದ್ದವು, ಮುತ್ತು ಕೇಳುವವರಿರಲಿಲ್ಲ, ಜನ ಮಿಡತೆ ಹುರಿದು ತಿನ್ನುತ್ತಿದ್ದರು. ಊರಿನ ಒಲೆಗಳು ಹೊತ್ತುವವರೆಗೆ ಕೋಟೆಯ ಒಲೆ ಹೊತ್ತಬಾರದೆಂದು ಶೇಖ್ ಕಟ್ಟಪ್ಪಣೆ ಮಾಡಿದ್ದರು. ಒಂದು ಸಂಜೆ ಖಲ್ಫಾನನ ಅಪ್ಪ ಮುಸಬ್ಬಾಹನ ಮನೆಯ ಬಾಗಿಲಿಗೆ ಅವರೇ ಖರ್ಜೂರದ ಚೀಲವನ್ನು ಹೆಗಲ ಮೇಲೆ ಹೊತ್ತು ತಂದಿಳಿಸಿದರು. ಬೆವರಿಳಿಯುತ್ತಿದ್ದ ಆ ಮುಖವೇ ಇದು. ಇದರ ಮೇಲೆ ಕಬ್ಬಿಣ ಗುದ್ದುವುದು ಹೇಗೆ?

ಅವನು ಮೊಹರನ್ನು ಚೀಟಿಯ ಪಕ್ಕದಲ್ಲಿ, ಲಕೋಟೆಯ ಖಾಲಿ ಜಾಗದಲ್ಲಿ ಮೆಲ್ಲಗೆ ಒತ್ತಿದ. ಮಾಜಿದ್ ತಲೆದೂಗಿದ, ಸಾಲು ಉಸಿರು ಬಿಟ್ಟಿತು. ಅಂದಿನಿಂದ ಖೋರ್ ಸಿದ್ರಾದ ಟಪಾಲಿನಲ್ಲಿ ಅದೇ ಪದ್ಧತಿಯಾಯಿತು, ಮರ್ಯಾದಸ್ಥರ ಊರಿನ ಮರ್ಯಾದೆಯ ಪದ್ಧತಿ.

ಕುವೈತಿನಲ್ಲಿದ್ದ ಮಾಜಿದನ ಮಗ ಪ್ರಾಮಾಣಿಕ. ಕಾಗದದ ಮೇಲಿನ ಚೀಟಿ ಹೊಸದಾಗಿ ಹೊಳೆಯುತ್ತಿರುವುದನ್ನು ಕಂಡು, ಶೇಖರನ್ನು ಪರದೇಶದಲ್ಲಿ ಎಸೆಯಲು ಮನಸ್ಸು ಬಾರದೆ, ಬಿಡಿಸಿ ಮರುಟಪಾಲಿನಲ್ಲಿ ಅಪ್ಪನಿಗೇ ಕಳಿಸಿದ. ಅಪ್ಪ ಅದನ್ನೇ ಮತ್ತೆ ಅಂಟಿಸಿದ. ಹೀಗೆ ಒಂದೇ ಚೀಟಿ ಎರಡು ಸಲ ಕುವೈತ್ ನೋಡಿ ಬಂತು. ಇದು ಸರಿಯಲ್ಲವೆಂದು ಖಲ್ಫಾನನಿಗೆ ಗೊತ್ತಿತ್ತು. ಕಂಡೂ ಕಾಣದಂತಿದ್ದ.

ಆಮೇಲೊಂದು ದಿನ ಇಡೀ ಟಪಾಲು ಚೀಲವೇ ವಾಪಸು ಬಂತು. ಚೀಲದ ಜೊತೆಗೆ ಜೀಪಿನಲ್ಲಿ ಉಸ್ತಾದ್ ತಾಜುದ್ದೀನನೂ ಬಂದ. ಕರಾವಳಿಯ ಟಪಾಲುಗಳೆಲ್ಲ ಹೊರದೇಶಕ್ಕೆ ಹೊರಡುವ ದೊಡ್ಡ ಬಂದರಿನ ಅಧಿಕಾರಿ ಅವನು, ಸೂಡಾನಿನವನು, ತಾಳ್ಮೆಯ ಮನುಷ್ಯ. ಮೊಹರು ಬೀಳದ ಚೀಟಿಯನ್ನು ಎಷ್ಟು ಸಲ ಬೇಕಾದರೂ ಅಂಟಿಸಬಹುದು, ಅದನ್ನು ಯಾವ ದೇಶವೂ ಒಪ್ಪುವುದಿಲ್ಲ ಎಂದು ಅವನು ನಿಧಾನವಾಗಿ ತಿಳಿಸಿಕೊಟ್ಟ.

"ಬೇರೆ ದೇಶದ ರಾಜ ರಾಣಿಯರಿಗೂ ಮುಖ ಇದೆ, ಖಲ್ಫಾನ್. ದಿನಾ ಹೊಡಿಸ್ಕೋತಾರೆ."

"ಅವರ ಮರ್ಯಾದೆ ಅವರಿಗೆ, ಉಸ್ತಾದ್. ನಮ್ಮದು ನಮಗೆ."

ಮುಖದ ಬದಲು ದೋಣಿಯ ಚಿತ್ರ ಅಚ್ಚು ಮಾಡಿಸಬಹುದಲ್ಲ ಎಂದು ಖಲ್ಫಾನ್ ಕೇಳಿದ. ಮಾಡಿಸಬಹುದು, ಬರುವುದಕ್ಕೆ ತಿಂಗಳುಗಟ್ಟಲೆ ಬೇಕು ಎಂದ ತಾಜುದ್ದೀನ್. ಮೂಲೆಯಲ್ಲಿ ಒಂದಿಷ್ಟು ಮಸಿ ತಾಗಿಸಿದರೆ ಸಾಲದೇ ಎಂದದ್ದಕ್ಕೆ ಸಾಲದು ಎಂದ. ಮುಂದಿನ ಗುರುವಾರ ತಾನೇ ಬಂದು ಚೀಲ ನೋಡುತ್ತೇನೆ, ಚೀಟಿಗಳ ಮೇಲೆ ಮೊಹರು ಬಿದ್ದಿದ್ದರೆ ಸರಿ, ಇಲ್ಲದಿದ್ದರೆ ಈ ಕಚೇರಿ ಮುಚ್ಚಿಸಿ ಸಿದ್ರಾದ ಟಪಾಲನ್ನು ಜುಲೈಲಾಕ್ಕೆ ಸೇರಿಸುವುದು ಬಿಟ್ಟು ಬೇರೆ ದಾರಿಯಿಲ್ಲ ಎಂದು ಹೇಳಿ ಜೀಪು ಹತ್ತಿದ. ಹೇಳುವಾಗ ಅವನ ಮುಖವೂ ಚಿಕ್ಕದಾಗಿತ್ತು.

ಕೆಟ್ಟ ಸುದ್ದಿಗೆ ಕಾಲು ಬೇಕಾಗಿಲ್ಲ. ಮರುದಿನವೇ ಜುಲೈಲಾದ ಮೀನುಗಾರರು ಸಂತೆಯಲ್ಲಿ ಚುಚ್ಚಿದರು: "ನಿಮ್ಮ ಹಳೇ ಮೂಲೆ ಗುಡಿಸಿ ಇಟ್ಟಿದೀವಿ, ಬನ್ನಿ." ಖಲ್ಫಾನನಿಗೆ ಕಪಾಳಕ್ಕೆ ಹೊಡೆದಂತಾಯಿತು. ಮೊಹರನ್ನು ಕೈಯಲ್ಲೇ ಹಿಡಿದು ಮನೆಗೆ ಬಂದು, ಊಟ ಬಿಟ್ಟು ಕೂತ. ಹೆಂಡತಿ ಮೌಜಾ ಮೊದಲು ಗೇಲಿ ಮಾಡಿದಳು. ನಿಮಗೆ ಆಗದಿದ್ದರೆ ನನಗೆ ಕೊಡಿ, ಒಣಮೀನು ಕುಟ್ಟಿದ ಕೈ ಇದು ಎಂದು ಮೊಹರು ಕಿತ್ತುಕೊಂಡಳು. ಅವನು ಚೀಟಿಯನ್ನು ಮುಂದಿಟ್ಟಾಗ ಒಂದು ಗಳಿಗೆ ನೋಡಿ, ಮೊಹರನ್ನು ಕೆಳಗಿಟ್ಟು, ಅಡುಗೆಮನೆಗೆ ಎದ್ದುಹೋದಳು.

ಕಡೆಗೆ ಅವನು ಕೋಟೆಗೆ ಹೋದ. ಶೇಖ್ ಗಾನಿಮ್ ಎಂದಿನಂತೆ ಗೋಡೆಗೊರಗಿ ಜನರ ನಡುವೆ ಕೂತಿದ್ದರು. ಕಾಫಿ ಬಂತು. ಖಲ್ಫಾನ್ ಬಟ್ಟಲನ್ನು ತುಟಿಗೆ ತಾಗಿಸದೆ ಮುಂದೆ ಇಟ್ಟ. ಆ ಕರಾವಳಿಯ ರೂಢಿ ಅದು. ಬಟ್ಟಲು ಹಾಗೆ ಇಟ್ಟವನಿಗೆ ಏನೋ ಬೇಕಾಗಿದೆ, ಅದು ನಡೆಯುವವರೆಗೆ ಅವನು ಆ ಮನೆಯ ಕಾಫಿ ಕುಡಿಯುವುದಿಲ್ಲ. ಕೊಡದಿದ್ದರೆ ಮನೆಯವರಿಗೆ ಅವಮಾನ.

"ಕೇಳು, ಮುಸಬ್ಬಾಹನ ಮಗನೇ," ಎಂದರು ಶೇಖ್.

ತನ್ನನ್ನು ಈ ಕೆಲಸದಿಂದ ಬಿಡಿಸಬೇಕು, ಮೊಹರನ್ನು ಬೇರೆ ಯಾರಿಗಾದರೂ ಕೊಡಬೇಕು ಎಂದು ಖಲ್ಫಾನ್ ತಲೆ ತಗ್ಗಿಸಿ ಕೇಳಿದ. ಯಾಕೆಂದೂ ಹೇಳಿದ. ಶೇಖ್ ಎಲ್ಲವನ್ನೂ ಕೇಳಿಸಿಕೊಂಡರು. ನಗಲಿಲ್ಲ. ಗುರುವಾರ ನಾನೇ ಕಾಗದ ಹಾಕಲು ಬರುತ್ತೇನೆ, ಅದಾದ ಮೇಲೂ ನಿನಗೆ ಬೇಡವೆನಿಸಿದರೆ ಬಿಡಿಸಿದೆ ಅಂದುಕೋ, ಈಗ ಕುಡಿ ಎಂದರು. ಖಲ್ಫಾನ್ ಕುಡಿದ. ಬಾಯಿಗೆ ರುಚಿಯೇ ಹತ್ತಲಿಲ್ಲ.

ಗುರುವಾರ ಬೆಳಿಗ್ಗೆ ಶೇಖ್ ಗಾನಿಮ್ ಬೆತ್ತ ಊರಿಕೊಂಡು ನಡೆದೇ ಬಂದರು. ಜನ ದಾರಿ ಬಿಟ್ಟರೂ ಅವರು ಸಾಲು ಮುರಿಯಲಿಲ್ಲ. ಮಾಜಿದನ ಹಿಂದೆ ನಿಂತುಕೊಂಡರು. ಮುದುಕ ಮುಳ್ಳಿನ ಮೇಲೆ ನಿಂತವನ ಹಾಗೆ ಪಕ್ಕಕ್ಕೆ ಸರಿದ. ಕೋಣೆಯೊಳಗೆ ತಾಜುದ್ದೀನ್ ಖಾಲಿ ಚೀಲ ಹಿಡಿದು ಕಾಯುತ್ತಿದ್ದ. ಬೊಂಬಾಯಿಯಲ್ಲಿದ್ದ ಮುತ್ತಿನ ವ್ಯಾಪಾರದ ಹಳೆಯ ಗೆಳೆಯನಿಗೆ ಬರೆಸಿದ ಕಾಗದವನ್ನು ಶೇಖ್ ಕಿಟಕಿಯೊಳಗೆ ಚಾಚಿದರು. ಚೀಟಿ ಕೊಂಡು, ಒದ್ದೆ ಬಟ್ಟೆಗೆ ಒತ್ತಿ, ತಮ್ಮ ಮುಖವನ್ನು ತಾವೇ ಅಂಟಿಸಿದರು.

"ಈ ಮೂಗು ಯಾರದೋ," ಎಂದರು. "ನಮ್ಮಪ್ಪನ ಕಡೆ ಯಾರಿಗೂ ಇಂಥ ಮೂಗಿಲ್ಲ. ಹಾಕು ಮೊಹರು."

ಯಾರೂ ನಗಲಿಲ್ಲ. ಖಲ್ಫಾನ್ ಮೊಹರನ್ನು ಮಸಿಗೆ ಒತ್ತಿದ, ಮೇಲೆತ್ತಿದ. ಎದುರಿಗೆ ಎರಡು ಮುಖ, ಚೀಟಿಯ ಮೇಲೊಂದು, ಕಿಟಕಿಯಾಚೆ ಒಂದು. ಕೈ ಇಳಿಯಲಿಲ್ಲ. ಕಚೇರಿ ಉಳಿಸಬೇಕೆಂಬ ಆಸೆ ಅವನಲ್ಲಿ ಕುದಿಯುತ್ತಿತ್ತು, ಆ ಆಸೆಯೇ ನಾಚಿಕೆಯಾಗಿಯೂ ಸುಡುತ್ತಿತ್ತು.

"ನನ್ನಿಂದ ಆಗಲ್ಲ, ದೊಡ್ಡವರೇ," ಎಂದ. "ನಮ್ಮ ಬಾಗಿಲಿಗೆ ಚೀಲ ಹೊತ್ತು ತಂದ ಮುಖ ಇದು. ಬೇಕಾದ್ರೆ ನನ್ನ ಕೈ ಕಡೀರಿ."

ಶೇಖ್ ಬೆತ್ತವನ್ನು ಗೋಡೆಗೆ ಆನಿಸಿದರು. "ಆ ಕಬ್ಬಿಣದಲ್ಲಿ ಏನೋ ಕೊರೆದಿದೆಯಲ್ಲ, ಏನದು? ಓದು."

ಖಲ್ಫಾನ್ ಮೊಹರನ್ನು ತಿರುಗಿಸಿ ನೋಡಿದ. ಅಕ್ಷರಗಳು ಎಡಬಲ ಅದಲುಬದಲಾಗಿ ಮಸಿಯಲ್ಲಿ ಹೊಳೆಯುತ್ತಿದ್ದವು. ಓದುವುದೇನು ಬಂತು, ಅವನಿಗೆ ಬಾಯಿಪಾಠ. "ಖೋರ್ ಸಿದ್ರಾ."

"ಇನ್ನೊಂದ್ ಸಲ, ಗಟ್ಟಿಯಾಗಿ. ಹೊರಗೆ ನಿಂತವರಿಗೂ ಕೇಳಲಿ."

"ಖೋರ್ ಸಿದ್ರಾ," ಎಂದ ಖಲ್ಫಾನ್.

"ನನ್ನೂರಿನ ಹೆಸರು ನನ್ನ ಮುಖದ ಮೇಲೆ ಬಿದ್ರೆ ಅದ್ಯಾವ ಅವಮಾನವೋ?" ಎಂದರು ಶೇಖ್ ಗಾನಿಮ್. "ಹುಟ್ಟಿದಾಗಿಂದ ನನ್ನ ಹಣೇಲಿ ಬರೆದಿರೋದು ಅದೊಂದೇ. ದೇವರು ಬರೆದದ್ದು ಕಣ್ಣಿಗೆ ಕಾಣಲ್ಲ. ನೀನು ಕಾಣೋ ಹಾಗೆ ಬರಿ. ಬೊಂಬಾಯಿಯವರಿಗೆ ಇವನು ಯಾವೂರಿನವನು ಅಂತ ಗೊತ್ತಾಗ್ಬೇಡ್ವಾ?"

ಖಲ್ಫಾನನ ಕಣ್ಣು ಮಂಜಾಯಿತು. ತೋಳಿನಿಂದ ಒರೆಸಿಕೊಂಡು, ಮೊಹರನ್ನು ಮತ್ತೊಮ್ಮೆ ಮಸಿಗೆ ಒತ್ತಿ ಗುದ್ದಿದ. ಮೇಜು ಅದುರಿತು. ಮೊಹರು ಒಂದಿಷ್ಟೂ ಮಸುಕಾಗದೆ, ಹಣೆಯಿಂದ ಗಡ್ಡದವರೆಗೆ ದುಂಡಗೆ ಕೂತಿತು. ತಾಜುದ್ದೀನ್ ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡಿ, ಚೀಲದ ಬಾಯಿ ಅಗಲಿಸಿದ. ಶೇಖ್ ಬೆತ್ತ ತೆಗೆದುಕೊಂಡು ಕೋಟೆಯ ಕಡೆ ಹೊರಟರು. ಕೆಲಸದಿಂದ ಬಿಡಿಸುವ ಮಾತನ್ನು ಅವರೂ ಎತ್ತಲಿಲ್ಲ, ಖಲ್ಫಾನನೂ ಎತ್ತಲಿಲ್ಲ.

ಪಕ್ಕಕ್ಕೆ ಸರಿದು ನಿಂತಿದ್ದ ಮಾಜಿದ್ ಆಗ ಸಾಲಿನೊಳಗೆ ನುಗ್ಗಿ ಬಂದ. ಮಗನಿಗೆ ಬರೆಸಿದ ಕಾಗದವನ್ನು ಎರಡೂ ಕೈಯಲ್ಲಿ ಕಿಟಕಿಯೊಳಗೆ ಇಟ್ಟ.

"ನನ್ನದಕ್ಕೂ ಹಾಕಪ್ಪಾ," ಎಂದ. "ಮೆತ್ತಗೆ ಬೇಡ. ಊರ ಹೆಸರು ಕುವೈತ್‌ವರೆಗೂ ಅಳಿಸಬಾರದು."