ತಮ್ಮನಿಗೆ ಕೊಟ್ಟ ಮೈಕು

ಹಾಡಲು ಬಾರದವರು ಯಾರೂ ಇಲ್ಲ, ನಮ್ಮ ಹಾಡಿನ ತಂಡದ ಬಾಗಿಲು ಎಲ್ಲರಿಗೂ ತೆರೆದಿದೆ ಎಂದು ಟೀಚರಮ್ಮ ಹೋದಲ್ಲೆಲ್ಲ ಭಾಷಣ ಬಿಗಿಯುತ್ತಿದ್ದಳು. ಅದನ್ನು ನಂಬಿಯೇ ಬಡಾವಣೆಯ ದರ್ಜಿ, ನರ್ಸು, ಗಾಲಿಕುರ್ಚಿಯ ಅಜ್ಜ ಎಲ್ಲರೂ ಬಂದು ಸೇರಿದ್ದರು. ಅವಳ ಒಡಹುಟ್ಟಿದ ತಮ್ಮ ನಗಾರಿಯೂ ಸೇರಿದ್ದ.

ನಗಾರಿ ಎಂಬುದು ಮನೆಯವರಿಟ್ಟ ಅಡ್ಡಹೆಸರು. ಲಾಂಡ್ರಿಯಲ್ಲಿ ಬಟ್ಟೆ ಮಡಿಸುವ ಕೆಲಸ. ಬುದ್ಧಿ ಕೊಂಚ ನಿಧಾನ, ಗಂಟಲು ಮಾತ್ರ ಭರ್ಜರಿ. ಎಲ್ಲರ ಶ್ರುತಿ ಒಂದು ದಾರಿ ಹಿಡಿದರೆ ಅವನದು ಇನ್ನೊಂದು ಊರಿಗೇ ಹೊರಟಿರುತ್ತಿತ್ತು. ಬೇಡ ಎನ್ನಲು ಟೀಚರಮ್ಮನಿಗೆ ಬಾಯಿ ಬರಲಿಲ್ಲ. ಅವನೊಬ್ಬನಿಗೇ ಒಂದು ಮೈಕು ಕೊಟ್ಟು, ಇದಿದ್ದರೆ ಪಿಸುಗುಟ್ಟಿದರೂ ಸಾಕು, ಊರಿಗೆಲ್ಲ ಕೇಳಿಸುತ್ತದೆ ಎಂದಳು. ಪಾಪ, ಅವನು ಹಿರಿಹಿರಿ ಹಿಗ್ಗಿ ಪಿಸುಗುಟ್ಟತೊಡಗಿದ. ಆ ಮೈಕಿನ ವಯರು ಮೈಕ್‌ಸೆಟ್ಟಿನ ಯಾವ ಪೆಟ್ಟಿಗೆಗೂ ಸೇರಿರಲಿಲ್ಲ.

ಇದು ಗೊತ್ತಿದ್ದದ್ದು ಅವಳಿಗೆ ಮತ್ತು ಮೈಕ್‌ಸೆಟ್ಟಿನವನಿಗೆ. ಕಾರ್ಯಕ್ರಮದ ದಿನ ಅವನಿಗೆ ಜ್ವರ ಬಂದು, ಬದಲಿಗೆ ಅವನ ಅಳಿಯ ಏದುಸಿರು ಬಿಡುತ್ತಾ ಬಂದ. ಅಷ್ಟರಲ್ಲಿ ಹಾಡು ಶುರುವಾಗಿಬಿಟ್ಟಿತ್ತು. ಮುಂದಿನ ಸಾಲಿನಲ್ಲಿ ಲಾಂಡ್ರಿಯವರೆಲ್ಲ ಸಾಲಾಗಿ ಕೂತಿದ್ದರು, ನಗಾರಿಯೇ ಕರೆದಿದ್ದ.

ಎರಡನೆಯ ಚರಣದಲ್ಲಿ ಟೀಚರಮ್ಮನ ಕಣ್ಣು ತಮ್ಮನ ಕಡೆ ಹೊರಳಿತು. ಅಳಿಯ ಮಹಾಶಯ ನಗಾರಿಯ ಕಾಲ ಬಳಿ ಕೂತು, ವಯರಿನ ಬಿಡಿ ತುದಿ ಹಿಡಿದು ನೋಡುತ್ತಿದ್ದ. ತಾಳ ಹಾಕುವ ಕೈ ನಿಲ್ಲಿಸುವಂತಿಲ್ಲ, ಕೂಗುವಂತಿಲ್ಲ. ಬೇಡ ಬೇಡ ಎಂದು ತಲೆಯಾಡಿಸಿದಳು. ವಯರು ಕಳಚಿದ್ದಕ್ಕೆ ಬೈಯುತ್ತಿದ್ದಾಳೆಂದುಕೊಂಡ ಅವನು ಗಡಿಬಿಡಿಯಲ್ಲಿ ವಯರು ಎಳೆದುಕೊಂಡು ಹೋಗಿ ಪೆಟ್ಟಿಗೆಗೆ ಚುಚ್ಚಿಯೇಬಿಟ್ಟ.

ಟಪ್ ಎಂದಿತು ಸ್ಪೀಕರು. ಮರುಕ್ಷಣ ಸಭಾಂಗಣದ ತುಂಬ ಒಂದು ಗೊಗ್ಗರು ದನಿ, ಶ್ರುತಿಗೂ ತನಗೂ ಸಂಬಂಧವೇ ಇಲ್ಲವೆಂಬಂತೆ. ನಗಾರಿ ಬೆಚ್ಚಿ ಸ್ಪೀಕರಿನ ಕಡೆ ತಿರುಗಿದ. ಅವನು ಬಾಯಿ ಮುಚ್ಚಿದ, ದನಿಯೂ ನಿಂತಿತು. ಮೆಲ್ಲಗೆ ಒಂದು ಪದ ಹಾಡಿದ, ಸ್ಪೀಕರು ಅದನ್ನೇ ಹಾಡಿತು. ಲಾಂಡ್ರಿಯವರು ಚಪ್ಪಾಳೆ ತಟ್ಟಿದರು. ಅವನು ಅತ್ತ ನೋಡಲೇ ಇಲ್ಲ. ಕೈಯಲ್ಲಿದ್ದ ಮೈಕನ್ನೂ ಅಕ್ಕನನ್ನೂ ನೋಡಿದ. ಟೀಚರಮ್ಮ ನಾಚಿಕೆಯಿಂದ ತಲೆ ತಗ್ಗಿಸಿದಳು. ಕೈ ಮಾತ್ರ ತಾಳ ಹಾಕುತ್ತಲೇ ಇತ್ತು.

ಹಾಡು ಮುಗಿದ ಮೇಲೆ ಅವನು ಅವಳ ಬಳಿ ಬಂದ.

"ಅಕ್ಕಾ, ಇಷ್ಟು ದಿನ ಇದ್ರಲ್ಲಿ ನನ್ ದನಿ ಬರ್ತಾ ಇರ್ಲಿಲ್ಲ, ಅಲ್ವಾ?"

ಸುಳ್ಳು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ. "ಇಲ್ಲ ಕಣೋ" ಎಂದಳು.

"ಮತ್ತೆ ಚೆನ್ನಾಗಿ ಹಾಡ್ದೆ ಅಂತ ದಿನಾ ಹೇಳ್ತಿದ್ಯಲ್ಲ?"

ಅವನು ಮೈಕನ್ನು ಅವಳ ಕೈಗೆ ಕೊಟ್ಟು ತನ್ನ ಜಾಗಕ್ಕೆ ಹೋಗಿ ನಿಂತ. ಕೊನೆಯ ಹಾಡು ಬಾಕಿಯಿತ್ತು. ಅವಳು ಕೈ ಎತ್ತಿದಳು, ಎಲ್ಲರೂ ಹಾಡಿದರು. ನಗಾರಿ ತುಟಿ ಬಿಗಿದುಕೊಂಡು, ಕಲಿಸಿದಂತೆಯೇ ಅವಳ ಕೈಯನ್ನೇ ನೋಡುತ್ತಾ ನಿಂತಿದ್ದ. ತಂಡ ಇಷ್ಟು ಚೆನ್ನಾಗಿ ಎಂದೂ ಹಾಡಿರಲಿಲ್ಲ ಎಂದು ಜನ ಬಂದು ಬಂದು ಹೇಳಿದರು. ಅವಳು ಒಬ್ಬರ ಮುಖವನ್ನೂ ನೋಡಲಿಲ್ಲ.