ಮನೆ ಮಾಲೀಕರ ಮಗಳ ಮೇಲೆ ಕೇಸು

ಭಾಗವ್ವನಿಗೆ ಸ್ಕೂಟಿ ಗುದ್ದಿದವರು ಯಾರೋ ಹೊರಗಿನವರಾಗಿದ್ದರೆ ವಿಷಯ ಇಷ್ಟು ಬೆಳೆಯುತ್ತಿರಲಿಲ್ಲ. ಗುದ್ದಿದವಳು ಮನೆ ಮಾಲೀಕ ಕೃಷ್ಣಪ್ಪನವರ ಮಗಳು ಸ್ಪಂದನ.

ರಾಣೆಬೆನ್ನೂರು ಕಡೆಯ ಭಾಗವ್ವ ಬಾಪೂಜಿ ನಗರದಲ್ಲಿ ಕೃಷ್ಣಪ್ಪನವರ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದಳು. ಗಂಡ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಮಾರುವುದೇ ಅವಳ ಬದುಕು. ವಿಜಯನಗರದ ಸುತ್ತಮುತ್ತ ಉತ್ತರ ಕರ್ನಾಟಕದ ಹುಡುಗರು ರೂಮು ಮಾಡಿಕೊಂಡಿದ್ದ ಕಡೆಗೆಲ್ಲ ಅವಳ ರೊಟ್ಟಿ ಹೋಗುತ್ತಿತ್ತು. 2006ರ ಬೇಸಿಗೆಯ ಒಂದು ಬೆಳಗ್ಗೆ ಅವಳು ಗಲ್ಲಿಯ ತಿರುವಿನಲ್ಲಿ ಮುನಿಯಣ್ಣನ ತಳ್ಳುಗಾಡಿಯ ಮುಂದೆ ನಿಂತು ಮೆಣಸಿನಕಾಯಿ ಆರಿಸುತ್ತಿದ್ದಳು. ಆಫೀಸಿಗೆ ಹೊತ್ತಾಯಿತೆಂದು ಧಾವಿಸಿ ಬಂದ ಸ್ಪಂದನ ಬ್ರೇಕ್ ಹಿಡಿಯುವ ಬದಲು ಆಕ್ಸಿಲರೇಟರ್ ತಿರುಗಿಸಿಬಿಟ್ಟಳು. ಸ್ಕೂಟಿ ಮೊದಲು ಭಾಗವ್ವನಿಗೆ ಬಡಿದು, ಆಮೇಲೆ ಟೊಮೇಟೊ ರಾಶಿಗೆ ನುಗ್ಗಿತು. ಸ್ಪಂದನಳಿಗೆ ತರಚು ಗಾಯವೂ ಆಗಲಿಲ್ಲ. ಭಾಗವ್ವನ ಬಲಗೈ ಮಣಿಕಟ್ಟು ಮುರಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರು "ಏನಾಯ್ತಮ್ಮ?" ಎಂದು ಕೇಳಿದಾಗ ಸ್ಪಂದನ ಪಕ್ಕದಲ್ಲೇ ಗಡಗಡ ನಡುಗುತ್ತ ನಿಂತಿದ್ದಳು. ಭಾಗವ್ವ ಅವಳ ಮುಖ ನೋಡಿದಳು.

"ಬಚ್ಚಲದಾಗ ಜಾರಿ ಬಿದ್ನಿರಿ," ಎಂದುಬಿಟ್ಟಳು. ಡಾಕ್ಟರು ಹಾಗೆಯೇ ಬರೆದುಕೊಂಡರು.

ಕೈಯೊಳಗೆ ಪ್ಲೇಟು ಹಾಕಿ ಸ್ಕ್ರೂ ಬಿಗಿದರು. ಆಪರೇಷನ್ನಿಗೆಂದು ಅವಳ ಬಂಗಾರದ ಬಳೆಗಳು ಗಿರವಿಗೆ ಹೋದವು. ಕೃಷ್ಣಪ್ಪ ಬಾಡಿಗೆ ಕೇಳಲಿಲ್ಲ. ಅವರ ಹೆಂಡತಿ ಲಕ್ಷ್ಮಿದೇವಮ್ಮ ಎರಡು ಹೊತ್ತೂ ಮುದ್ದೆ, ಸಾರು ಕಳಿಸಿದರು. ಆದರೆ ಕಟ್ಟು ಬಿಚ್ಚಿದ ಮೇಲೂ ಮಣಿಕಟ್ಟು ಪೂರ್ತಿ ಮಡಚಲಿಲ್ಲ. ಹಿಟ್ಟು ನಾದಲು ಹೋದರೆ ನೋವು ಮೊಣಕೈವರೆಗೂ ಏರುತ್ತಿತ್ತು.

ಪರಿಹಾರದ ದಾರಿ ಹುಡುಕಿದವಳು ಸ್ಪಂದನಳೇ. ಅವರಿವರನ್ನು ವಿಚಾರಿಸಿ, ಭಾಗವ್ವನನ್ನು ರಾಜಾಜಿನಗರದ ವಕೀಲೆ ಅನಂತಲಕ್ಷ್ಮಿಯ ಬಳಿಗೆ ಕರೆದುಕೊಂಡು ಹೋದಳು.

"ಗಾಡಿಗೆ ಇನ್ಶೂರೆನ್ಸ್ ಇದೆ, ಹುಡುಗಿಗೆ ಲೈಸೆನ್ಸ್ ಇದೆ. ದುಡ್ಡು ಕೊಡೋದು ಕಂಪನಿ," ಎಂದರು ಅನಂತಲಕ್ಷ್ಮಿ. "ಆದ್ರೆ ಪೊಲೀಸ್ ಕಂಪ್ಲೇಂಟ್ ಆಗ್ಬೇಕು. ಕೇಸಲ್ಲಿ ಇವಳನ್ನೂ ಎದುರುಗಾರ್ತಿ ಮಾಡ್ಬೇಕು."

"ಇವರ ಮನಿ ಅನ್ನ ಉಂಡು ಇವರ ಮ್ಯಾಲ ಕೇಸಾ? ಬ್ಯಾಡ್ರಿ, ನನಗ ನರಕದಾಗೂ ಜಾಗ ಸಿಗೂದಿಲ್ಲ," ಎಂದು ಭಾಗವ್ವ ಎದ್ದೇ ನಿಂತಳು.

"ಹಾಕಿ ಆಂಟಿ, ಪ್ಲೀಸ್! ನನ್ ಮೇಲೇ ಹಾಕಿ," ಸ್ಪಂದನ ಅವಳ ಸೆರಗು ಹಿಡಿದು ಗೋಗರೆದಳು. "ಇನ್ಶೂರೆನ್ಸ್ ಕಟ್ಟೋದು ಇದಕ್ಕೇ ಅಲ್ವಾ?"

ತನ್ನ ಮೇಲೆ ಕೇಸು ಹಾಕಿ ಎಂದು ದುಂಬಾಲು ಬೀಳುವವರನ್ನು ಅನಂತಲಕ್ಷ್ಮಿ ಅಲ್ಲಿಯವರೆಗೆ ನೋಡಿರಲಿಲ್ಲ.

ಮನೆಯಲ್ಲಿ ಕೃಷ್ಣಪ್ಪ ಕೂಗಾಡಿದರು. "ನಮ್ಮನೆ ಹೆಣ್ಮಗು ಸ್ಟೇಷನ್ ಮೆಟ್ಲು ಹತ್ಬೇಕಾ? ನೆಂಟ್ರು ಏನಂತಾರೆ?"

"ಮುರಿದಿರೋದು ಆಂಟಿ ಕೈ ಅಪ್ಪ, ನಿಮ್ ಮರ್ಯಾದೆ ಅಲ್ಲ," ಎಂದಳು ಸ್ಪಂದನ.

ಕೊನೆಗೆ ಭಾಗವ್ವ ಒಪ್ಪಿ ಕಂಪ್ಲೇಂಟ್ ಕೊಟ್ಟಳು. ಸ್ಪಂದನ ಸ್ಟೇಷನ್ನಿಗೆ ಹೋಗಿ ತಪ್ಪೊಪ್ಪಿಕೊಂಡು, ಆಮೇಲೆ ಕೋರ್ಟಿನಲ್ಲಿ ದಂಡವನ್ನೂ ಕಟ್ಟಿದಳು. ಕೃಷ್ಣಪ್ಪ ಭಾಗವ್ವನ ಜೊತೆ ಮಾತು ಬಿಟ್ಟರು. ಮುದ್ದೆ ಸಾರು ಮಾತ್ರ ಹಿತ್ತಲ ಬಾಗಿಲಿನಿಂದ ಎಂದಿನಂತೆ ಬರುತ್ತಲೇ ಇತ್ತು.

ಪರಿಹಾರದ ಕೇಸು ವಿಚಾರಣೆಗೆ ಬಂದ ದಿನ ಭಾಗವ್ವ, ಸ್ಪಂದನ ಒಂದೇ ಆಟೋದಲ್ಲಿ ಕೋರ್ಟಿಗೆ ಹೋದರು. ಹೊರಗಿನ ಬೆಂಚಿನ ಮೇಲೆ ಕೂತು ಒಂದೇ ಡಬ್ಬಿಯ ಅವಲಕ್ಕಿ ತಿಂದರು. ಇದೆಲ್ಲ ಇನ್ಶೂರೆನ್ಸ್ ಕಂಪನಿಯ ವಕೀಲರ ಕಣ್ಣಿಗೆ ಬಿದ್ದಿತ್ತು.

"ನೀವೂ ಎದುರುಗಾರ್ತೀನೂ ಒಂದೇ ಆಟೋದಲ್ಲಿ ಬಂದ್ರಿ, ಅಲ್ವಾ?" ಎಂದು ಅವರು ಸಾಕ್ಷಿಕಟ್ಟೆಯಲ್ಲಿ ನಿಂತ ಭಾಗವ್ವನನ್ನು ಕೇಳಿದರು.

"ಹೌದ್ರಿ. ಎರಡು ಆಟೋ ಮಾಡಿದ್ರ ದಂಡ ಅಲ್ರಿ?"

ಹಿಂದೆ ಕೂತವರು ಕಿಸಕ್ಕೆಂದರು. ವಕೀಲರು ನಗಲಿಲ್ಲ. "ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಆಸ್ಪತ್ರೇಲಿ ಹೇಳಿದ್ದೀರಿ. ಆಗ ಹೇಳಿದ್ದು ಸುಳ್ಳಾ, ಈಗ ಹೇಳ್ತಿರೋದು ಸುಳ್ಳಾ?"

ನಡೆದದ್ದನ್ನು ನಡೆದ ಹಾಗೆ ಹೇಳಿ, ಅಷ್ಟು ಸಾಕು ಎಂದಿದ್ದರು ಅನಂತಲಕ್ಷ್ಮಿ.

"ಆಗ ಹೇಳಿದ್ದು ಸುಳ್ಳರಿ," ಎಂದಳು. "ಈ ಹುಡುಗಿ ಥರಥರ ನಡುಗಾಕತ್ತಿತ್ತು. ಪೊಲೀಸರು ಹಿಡ್ಕೊಂಡು ಹೊಕ್ಕಾರಂತ ಅಂಜಿ ಹಂಗ ಅಂದೆ. ಮುರದ ಕೈ ಕೂಡತೈತ್ರಿ. ಹೆಣ್ಣುಮಗಳ ಹೆಸರು ಕೆಟ್ರ ಕೂಡತೈತೇನ್ರಿ? ನನ್ನ ತಪ್ಪರಿ ಸಾಹೇಬ್ರ."

ನ್ಯಾಯಾಧೀಶರು ಕನ್ನಡಕದ ಮೇಲಿಂದ ಅವಳನ್ನೊಮ್ಮೆ ನೋಡಿದರು. ವಕೀಲರು ಬಿಡಲಿಲ್ಲ. ಇವರೆಲ್ಲ ಒಂದೇ ಮನೆಯವರು, ಕೂಡಿ ಕಟ್ಟಿದ ಕಥೆ ಇದು ಎಂದು ವಾದಿಸಿದರು. ಆಗ ಅನಂತಲಕ್ಷ್ಮಿ ಮುನಿಯಣ್ಣನನ್ನು ಸಾಕ್ಷಿಗೆ ಕರೆಸಿದರು.

"ನಾನೇ ಕಣ್ಣಾರೆ ನೋಡಿದೀನಿ ಸಾಮಿ," ಎಂದ ಮುನಿಯಣ್ಣ. "ಗಾಡಿ ಮೊದ್ಲು ಈ ಅಮ್ಮಂಗೆ ಗುದ್ತು, ಆಮೇಲೆ ನನ್ ಟೊಮೇಟೊಗೆ. ಅವತ್ತು ಟೊಮೇಟೊ ರೇಟು ಮುಗಿಲು ಮುಟ್ಟಿತ್ತು. ನಂದೂ ಒಂದು ಬರ್ಕೊಳಿ ಸಾಮಿ."

"ಇದನ್ನೆಲ್ಲ ಹೇಳು ಅಂತ ಈ ಹುಡುಗಿ ಹೇಳಿಕೊಟ್ಟಳಾ?" ಎಂದರು ವಕೀಲರು.

"ಅವ್ಳು ಹೇಳಿಕೊಟ್ರೆ ನಾನ್ ಕೇಳ್ತೀನಾ? ಅವತ್ತಿಂದ ಆಯಮ್ಮಂಗೆ ಒಂದು ಕಟ್ಟು ಕೊತ್ತಂಬರಿ ಸೊಪ್ಪೂ ಮಾರಿಲ್ಲ ನಾನು!"

ಈ ಸಲ ನ್ಯಾಯಾಧೀಶರೇ ನಕ್ಕುಬಿಟ್ಟರು. ಸ್ಪಂದನ ತಲೆ ತಗ್ಗಿಸಿ, ಬಾಯಿಗೆ ವೇಲ್ ಅಡ್ಡ ಹಿಡಿದುಕೊಂಡಳು.

ತೀರ್ಪು ಬರಲು ಮರುವರ್ಷದ ಮಳೆಗಾಲ ಕಳೆಯಬೇಕಾಯಿತು. ಆಸ್ಪತ್ರೆಯ ಖರ್ಚು, ನಿಂತುಹೋದ ದುಡಿಮೆ, ಮಡಚದ ಕೈ ಎಲ್ಲಕ್ಕೂ ಸೇರಿಸಿ ಕಂಪನಿ ಬಡ್ಡಿ ಸಮೇತ ಪರಿಹಾರ ಕೊಡಬೇಕೆಂದು ಆದೇಶವಾಯಿತು. ಅನಂತಲಕ್ಷ್ಮಿ ಕೇಳಿದ್ದಕ್ಕಿಂತ ಕಡಿಮೆ, ಭಾಗವ್ವ ನೆನೆಸಿದ್ದಕ್ಕಿಂತ ಹೆಚ್ಚು.

ಅಂದು ಸಂಜೆ ಕೃಷ್ಣಪ್ಪ ತಾವೇ ಹಿತ್ತಲ ಬಾಗಿಲಿಗೆ ಬಂದರು. ಕೈಯಲ್ಲಿ ಮೈಸೂರು ಪಾಕಿನ ಪೊಟ್ಟಣ. ಅದನ್ನು ಅವಳ ಮುಂದೆ ಚಾಚಿದರು.

"ಗೆದ್ದೋರು ಸ್ವೀಟ್ ಹಂಚಬೇಕ್ರಿ," ಎಂದಳು ಭಾಗವ್ವ.

"ಸೋತೋರ್ಗೂ ಸಂತೋಷ ಆಗಿದ್ರೆ ಏನಮ್ಮ ಮಾಡೋದು? ತಗೊಳ್ಳಿ," ಎಂದರು ಕೃಷ್ಣಪ್ಪ.

ಬಳೆಗಳು ಗಿರವಿಯಿಂದ ಬಿಡಿಸಿಕೊಂಡು ಬಂದವು. ಭಾಗವ್ವ ರೊಟ್ಟಿ ಬಡಿಯಲು ತನ್ನ ಊರ ಕಡೆಯ ಇಬ್ಬರು ಹೆಂಗಸರನ್ನು ಇಟ್ಟುಕೊಂಡಳು. ಮೊದಮೊದಲು ಅವರ ರೊಟ್ಟಿ ದಪ್ಪಗಾಗುತ್ತಿತ್ತು, ಅಂಚು ಸೀಳುತ್ತಿತ್ತು. ಒಲೆಯ ಪಕ್ಕ ಮಣೆ ಹಾಕಿ ಕೂತ ಭಾಗವ್ವ ಒಂದೊಂದಕ್ಕೂ ಬೈಯುತ್ತಿದ್ದಳು. ಅವಳ ಕೈ ಸೋತಿತ್ತೇ ಹೊರತು ಬಾಯಿ ಸೋತಿರಲಿಲ್ಲ.